ನಿಸ್ತಂತು ಜಾಲದ ಹಾಜರಿ ಪುಸ್ತಕ

ಮನೆಯ ದೀಪವು ಆರಿದರೆ ಎಲ್ಲರಿಗೂ ಕೂಡಲೇ ತಿಳಿಯುವದು. ನಳದ ನೀರು ನಿಂತರೆ ಬರಿದಾದ ಕೊಡವೇ ಅದಕ್ಕೆ ಸಾಕ್ಷಿ. ಆದರೆ ಈಚಿನ ವರ್ಷಗಳಲ್ಲಿ ದೀಪದಂತೆಯೂ ನೀರಿನಂತೆಯೂ ನಮ್ಮ ಮನೆಗಳಿಗೂ ಶಾಲೆಗಳಿಗೂ ಅವಶ್ಯವಾಗಿರುವ ಇನ್ನೊಂದು ಅನುಕೂಲವುಂಟು; ಅದು ನಿಂತುಹೋದಾಗ ಕಣ್ಣಿಗೆ ಯಾವ ಗುರುತೂ ಕಾಣುವದಿಲ್ಲ. ವೈಫೈ ಎಂದು ಎಲ್ಲರೂ ಕರೆಯುವ ನಿಸ್ತಂತು ಜಾಲವೇ ಅದು. ಇರುವಾಗ ಅದನ್ನು ಯಾರೂ ನೆನೆಯುವದಿಲ್ಲ. ಇಲ್ಲವಾದಾಗ ಮಾತ್ರ ಒಬ್ಬರು ಇನ್ನೊಬ್ಬರ ಮೇಲೆ ತಪ್ಪು ಹೊರಿಸುವದು ವಾಡಿಕೆ. ಮಕ್ಕಳು ಶಾಲೆಯವರನ್ನೂ, ಶಾಲೆಯವರು ಸೇವೆಯನ್ನು ಒದಗಿಸುವ ಕಂಪನಿಯನ್ನೂ, ಕಂಪನಿಯವರು ನಮ್ಮ ಗೋಡೆಯ ಮೇಲಿನ ಪೆಟ್ಟಿಗೆಯನ್ನೂ ದೂರುವರು. ಹೀಗೆ ದೂರು ಸುತ್ತಿ ಸುತ್ತಿ ಬರುವದೇ ಹೊರತು ತಪ್ಪು ಎಲ್ಲಿರುವದೆಂಬದು ಗೊತ್ತಾಗುವದಿಲ್ಲ.

ಅಂಥ ಜಾಲಕ್ಕೆ ಒಂದು ಹಾಜರಿ ಪುಸ್ತಕವನ್ನು ಇಡುವ ಬಗೆಯನ್ನು ಈ ಲೇಖನದಲ್ಲಿ ವಿವರಿಸಬೇಕೆಂದಿರುವೆವು. ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಹಾಜರಿ ಪುಸ್ತಕವೆಂದರೇನೆಂದು ತಿಳಿಸಬೇಕಾದದ್ದಿಲ್ಲ. ಬೆಳಿಗ್ಗೆ ಗಂಟೆಯಾದೊಡನೆ ಉಪಾಧ್ಯಾಯಿನಿಯವರು ಹೆಸರು ಕರೆಯುವರು. ಬಂದವಳು ಉತ್ತರ ಕೊಡುವಳು. ಉತ್ತರ ಬಾರದ ಹೆಸರಿನ ಮುಂದೆ ಗುರುತು ಬೀಳುವದು. ವರುಷದ ಕೊನೆಯಲ್ಲಿ ಯಾರು ಎಷ್ಟು ದಿವಸ ಬಂದರೆಂಬ ವಿಷಯದಲ್ಲಿ ವಾದಕ್ಕೆ ಎಡೆಯಿರುವದಿಲ್ಲ. ನಿಯಮಿತ ವೇಳೆಗೆ ಹೆಸರು ಕರೆಯುವ, ಉತ್ತರವನ್ನು ಕೇಳುವ, ಕೇಳಿದ್ದನ್ನು ಬರೆದಿಡುವ ಈ ಮೂರು ಕೆಲಸಗಳನ್ನು ಕಂಪ್ಯೂಟರಿಗೂ ಒಪ್ಪಿಸಬಹುದು. ಹಾಗೆ ಒಪ್ಪಿಸುವ ಚಿಕ್ಕ ಬರಹಕ್ಕೆ ಸ್ಕ್ರಿಪ್ಟು ಎಂದು ಹೆಸರು.

ಇದನ್ನು ಕಲಿಯುವ ಪ್ರಸಂಗವು ನಮಗೆ ಒದಗಿದ ರೀತಿಯನ್ನು ಮೊದಲು ಅರಿಕೆಮಾಡುವೆವು. ನಮ್ಮ ಬೋರ್ಡಿಂಗಿನ ಬಾಲಿಕೆಯರಿಗೆ ಸಾಯಂಕಾಲ 7 ಗಂಟೆಯಿಂದ 9 ಗಂಟೆಯ ವರೆಗೆ ಓದುವ ಕೋಣೆಯಲ್ಲಿ ಜಾಲವನ್ನು ಉಪಯೋಗಿಸಲು ಅಪ್ಪಣೆಯುಂಟು. 2020ನೇ ಇಸವಿಯಲ್ಲಿ ಶಾಲೆಗಳು ಮುಚ್ಚಿದ್ದ ಕಾಲದಿಂದ ಪಾಠದ ಟಿಪ್ಪಣಿಗಳು, ಅಭ್ಯಾಸದ ಪ್ರಶ್ನೆಗಳು, ಅರ್ಜಿಗಳು ಇವೆಲ್ಲವೂ ಬಹುಮಟ್ಟಿಗೆ ಜಾಲದ ಮೂಲಕವೇ ನಡೆಯುವವೆಂಬದನ್ನು ತಾಯಿತಂದೆಗಳು ಬಲ್ಲರು. ಒಂದು ಮಳೆಗಾಲದಲ್ಲಿ ಈ ಎರಡು ಗಂಟೆಗಳೊಳಗೆಯೇ ಜಾಲವು ಪದೇ ಪದೇ ನಿಲ್ಲತೊಡಗಿತು. ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುತ್ತಿದ್ದ ಹತ್ತನೆಯ ತರಗತಿಯ ಬಾಲಿಕೆಯೊಬ್ಬಳಿಗೆ ಮೂರು ಸಾಯಂಕಾಲಗಳಲ್ಲಿಯೂ ಕೊನೆಯ ಪುಟವನ್ನು ಮುಟ್ಟುವಷ್ಟರಲ್ಲಿ ಎಲ್ಲವೂ ಕೈತಪ್ಪಿಹೋಯಿತು. ಕೊನೆಗೆ ಅವಳನ್ನು ಹಗಲು ಹೊತ್ತಿನಲ್ಲಿ ಆಫೀಸಿಗೆ ಕರಸಿ ಅರ್ಜಿಯನ್ನು ಕಳುಹಿಸಿದೆವು. ಆಗ ಕೊನೆಯ ತಾರೀಕಿಗೆ ಎರಡೇ ದಿವಸಗಳು ಉಳಿದಿದ್ದವು.

ಜಾಲವು ಬಾಲಿಕೆಯರ ವೇಳೆಯಲ್ಲಿ ಮಾತ್ರ ನಿಲ್ಲುವದರಿಂದ ಬಾಲಿಕೆಯರೇ ಅದಕ್ಕೆ ಕಾರಣರೆಂದು ನಾವು ನಿಶ್ಚಯಿಸಿಕೊಂಡೆವು. ದೊಡ್ಡ ಹುಡುಗಿಯರು ಪಾಠವನ್ನು ಬಿಟ್ಟು ಸಿನೆಮಾ ನೋಡುತ್ತಿರಬೇಕು, ಆ ಭಾರವನ್ನು ತಾಳದೆ ಜಾಲವು ಬೀಳುತ್ತಿರಬೇಕು ಎಂಬದು ನಮ್ಮ ಊಹೆ. ಎರಡು ಗಂಟೆಯ ಅಪ್ಪಣೆಯನ್ನು ಒಂದು ಗಂಟೆಗೆ ಇಳಿಸಿದೆವು. ಆಗ ಅವರಲ್ಲಿ ಹಿರಿಯಳಾದವಳು ಎದ್ದು ನಿಂತು, “ನಾವೇ ಕಾರಣವೆಂದು ತಮಗೆ ಹೇಗೆ ತಿಳಿಯಿತು, ಟೀಚರ್?” ಎಂದು ವಿನಯದಿಂದಲೇ ಕೇಳಿದಳು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ರಜೆಯಲ್ಲಿ ಊರಿಗೆ ಬಂದಿದ್ದಾಗ ಈ ಸಂಗತಿಯನ್ನು ಕೇಳಿ, “ಊಹೆ ಯಾಕೆ? ಬರೆದು ನೋಡೋಣ” ಎಂದರು. ಮುಂದೆ ಹೇಳುವದೆಲ್ಲವೂ ಅವರಿಂದ ನಾವು ಕಲಿತದ್ದು.

ಸ್ಕ್ರಿಪ್ಟನ್ನು ಬರೆಯುವ ಮುಂಚೆ ಜಾಲದ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ವೈಫೈ ಎಂಬದು ಒಂದು ಬಗೆಯ ರೇಡಿಯೋ. 1895ರಲ್ಲಿ ಜಗದೀಶಚಂದ್ರ ಬೋಸರು ಕಲಕತ್ತೆಯಲ್ಲಿ ತಂತಿಯಿಲ್ಲದೆ ದೂರದ ಗಂಟೆಯನ್ನು ಬಾರಿಸಿ ತೋರಿಸಿದ್ದು ಯಾವ ಜಾತಿಯ ಅಲೆಗಳಿಂದಲೋ, ಇದೂ ಅದೇ ಜಾತಿಯ ಅಲೆಗಳಿಂದ ನಡೆಯುವದು. ಎಲ್ಲಾ ಕಂಪನಿಗಳ ಯಂತ್ರಗಳೂ ಒಂದೇ ರೀತಿಯಲ್ಲಿ ಮಾತಾಡುವಂತೆ 802.11 ಎಂಬ ಅಂಕೆಯ ನಿಯಮಾವಳಿಯು 1997ರಲ್ಲಿ ಪ್ರಕಟವಾಯಿತು. ಇದರ ಹಳೆಯ ಪಥವು 2.4 ಗಿಗಾಹರ್ಟ್ಸ್; ಅಂದರೆ ಅಲೆಯು ಒಂದು ಸೆಕೆಂಡಿಗೆ 240 ಕೋಟಿ ಸಲ ಕಂಪಿಸುವದು, ಒಂದೊಂದು ಅಲೆಯ ಉದ್ದವು ಸುಮಾರು 12.5 ಸೆಂಟಿಮೀಟರು. ಈ ಪಥದಲ್ಲಿ ಕಡಿಮೆ ಬಲದ ಯಂತ್ರಗಳನ್ನು ಲೈಸೆನ್ಸಿಲ್ಲದೆ ಉಪಯೋಗಿಸಲು ಭಾರತ ಸರಕಾರವು 2005ರಲ್ಲಿ ಅಪ್ಪಣೆ ಕೊಟ್ಟಿತು. ಮೈಕ್ರೋವೇವ್ ಒಲೆಯೂ ಹೆಚ್ಚುಕಡಿಮೆ ಇದೇ ಪಥದಲ್ಲಿ ಕೆಲಸ ಮಾಡುವದರಿಂದ ಅದು ನಡೆಯುವಾಗ ಹತ್ತಿರದ ಜಾಲವು ತಡವರಿಸುವದುಂಟು. ದಪ್ಪ ಕಲ್ಲುಗೋಡೆಯೂ, ನೀರಿನ ಟಾಂಕಿಯೂ, ಕಬ್ಬಿಣದ ಬೀರುವೂ ಅಲೆಯ ಬಲವನ್ನು ಕುಗ್ಗಿಸುವವು. ಹಳೆಯ ಕಟ್ಟಡಗಳಲ್ಲಿ ಒಂದು ಕೋಣೆಯಲ್ಲಿ ಚೆನ್ನಾಗಿರುವ ಜಾಲವು ಪಕ್ಕದ ಕೋಣೆಯಲ್ಲಿ ಇಲ್ಲವಾಗುವದು ಇದರಿಂದಲೇ.

ಇನ್ನೊಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ನಾವು ‘ನೆಟ್’ ಎಂದು ಒಂದೇ ಮಾತಿನಲ್ಲಿ ಹೇಳುವದು ವಾಸ್ತವವಾಗಿ ಐದು ಕೊಂಡಿಗಳ ಸರಪಣಿ. ಮೊದಲನೆಯದು, ಗೋಡೆಯ ಮೇಲಿದ್ದು ರೇಡಿಯೋ ಅಲೆಗಳನ್ನು ಹರಡುವ ಆಕ್ಸೆಸ್ ಪಾಯಿಂಟು ಎಂಬ ಪೆಟ್ಟಿಗೆ. ಎರಡನೆಯದು, ಬಂದ ಯಂತ್ರಕ್ಕೆಲ್ಲ ಒಂದು ಅಂಕೆಯ ವಿಳಾಸವನ್ನು ಹಂಚಿಕೊಡುವ ಏರ್ಪಾಡು. ಮೂರನೆಯದು, ಒಳಗಿನ ಸಮಾಚಾರವನ್ನು ಹೊರಗೂ ಹೊರಗಿನದನ್ನು ಒಳಗೂ ದಾಟಿಸುವ ರೌಟರು. ನಾಲ್ಕನೆಯದು, ರೌಟರಿನಿಂದ ಹೊರಗಿನ ಲೋಕಕ್ಕೆ ಹೋಗುವ ಕಂಪನಿಯ ತಂತಿ. ಐದನೆಯದು, ನಾವು ಅಕ್ಷರಗಳಲ್ಲಿ ಬರೆಯುವ ಹೆಸರನ್ನು ಯಂತ್ರಕ್ಕೆ ಬೇಕಾದ ಅಂಕೆಗೆ ಮಾರ್ಪಡಿಸಿಕೊಡುವ ಡಿಎನ್‌ಎಸ್ ಎಂಬ ಹೆಸರುಪಟ್ಟಿ. ಇವುಗಳಲ್ಲಿ ಯಾವದೊಂದು ಕಡಿದರೂ ಕುಳಿತವಳಿಗೆ ತೋರುವದು ಒಂದೇ: ಪುಟವು ಬರಲಿಲ್ಲ. ಆದಕಾರಣ ‘ನೆಟ್ ಇದೆಯೋ ಇಲ್ಲವೋ’ ಎಂಬ ಒಂದೇ ಪ್ರಶ್ನೆಯು ಸಾಲದು. ಒಂದೊಂದು ಕೊಂಡಿಯನ್ನೂ ಬೇರೆ ಬೇರೆಯಾಗಿ ಹೆಸರು ಹಿಡಿದು ಕರೆಯಬೇಕು.

ಹಾಗೆ ಕರೆಯುವ ಸಾಧನಕ್ಕೆ ಪಿಂಗ್ ಎಂದು ಹೆಸರು. ಇದನ್ನು 1983ನೇ ದಶಂಬರ ತಿಂಗಳಲ್ಲಿ ಮೈಕ್ ಮ್ಯೂಸ್ ಎಂಬ ಅಮೇರಿಕದ ಪಂಡಿತರು ಬರೆದರು. ಸಮುದ್ರದ ಆಳದಲ್ಲಿ ಸಂಚರಿಸುವ ನೌಕೆಯು ಒಂದು ಶಬ್ದವನ್ನು ಕಳುಹಿಸಿ, ಅದರ ಪ್ರತಿಧ್ವನಿಯಿಂದ ಎದುರಿಗಿರುವದನ್ನು ಅರಿಯುವದಷ್ಟೆ. ಆ ಶಬ್ದದ ಅನುಕರಣವೇ ಪಿಂಗ್ ಎಂಬ ಹೆಸರು. ನಮ್ಮ ಕಂಪ್ಯೂಟರು ಒಂದು ಚಿಕ್ಕ ಪೊಟ್ಟಣವನ್ನು ಇಂಥ ವಿಳಾಸಕ್ಕೆಂದು ಕಳುಹಿಸುವದು. ಆ ವಿಳಾಸದ ಯಂತ್ರವು ಅದನ್ನೇ ಹಿಂದಕ್ಕೆ ಕಳುಹಿಸುವದು. ಹೋಗಿ ಬರಲು ಎಷ್ಟು ಕಾಲ ಹಿಡಿಯಿತೆಂಬದನ್ನು ಸೆಕೆಂಡಿನ ಸಾವಿರದಲ್ಲೊಂದು ಪಾಲಾದ ಮಿಲಿಸೆಕೆಂಡಿನಿಂದ ಎಣಿಸುವರು. ಉತ್ತರ ಬಂದರೆ ಹಾಜರು, ತಡವಾಗಿ ಬಂದರೆ ಹಾಜರಿದ್ದರೂ ಆಯಾಸದಲ್ಲಿರುವದೆಂದು ಅರ್ಥ, ಬಾರದಿದ್ದರೆ ಗೈರುಹಾಜರು.

ಸ್ಕ್ರಿಪ್ಟು ಎಂದರೆ ಕಂಪ್ಯೂಟರಿಗೆ ಒಂದರ ಕೆಳಗೊಂದರಂತೆ ಬರೆದುಕೊಟ್ಟ ಆಜ್ಞೆಗಳ ಪಟ್ಟಿ. 1989ರಿಂದ ಬಳಕೆಯಲ್ಲಿರುವ ಬ್ಯಾಷ್ ಎಂಬ ಭಾಷೆಯಲ್ಲಾಗಲಿ, 1991ರಿಂದ ಬಳಕೆಯಲ್ಲಿರುವ ಪೈಥಾನ್ ಎಂಬ ಭಾಷೆಯಲ್ಲಾಗಲಿ ಇದನ್ನು ಒಂದೆರಡು ಪುಟಗಳೊಳಗೆ ಬರೆಯಬಹುದು. ಭಾಷೆ ಯಾವದಾದರೂ ಅದರ ಅಭಿಪ್ರಾಯವು ಕೆಳಗಿನಂತಿರುವದು.

1. ಗಡಿಯಾರವನ್ನು ನೋಡಿ ತಾರೀಕನ್ನೂ ವೇಳೆಯನ್ನೂ ಬರೆ.

2. ನಮ್ಮ ಜಾಲದೊಡನೆ ಸಂಬಂಧವಿದೆಯೋ ಎಂದು ರೇಡಿಯೋ ಭಾಗವನ್ನು ಕೇಳು. ಇದ್ದರೆ ಸಿಗ್ನಲಿನ ಬಲವನ್ನು ಬರೆ. ಇಲ್ಲದಿದ್ದರೆ ಹೊಸದಾಗಿ ಹುಡುಕಿ, ಜಾಲದ ಹೆಸರಾದರೂ ಕೇಳಿಸುವದೋ ಎಂದು ನೋಡಿ ಬರೆ.

3. ನಮಗೆ ವಿಳಾಸದ ಅಂಕೆ ದೊರೆತಿದೆಯೋ ನೋಡು.

4. ರೌಟರಿಗೆ ಮೂರು ಪಿಂಗ್ ಕಳುಹಿಸು. ಒಂದೊಂದಕ್ಕೂ ಎರಡು ಸೆಕೆಂಡಿಗಿಂತ ಹೆಚ್ಚು ಕಾಯಬೇಡ.

5. ಹೊರಗಿನ ಲೋಕದ ಒಂದು ಅಂಕೆಯ ವಿಳಾಸಕ್ಕೆ ಅದೇ ಪ್ರಕಾರ ಮೂರು ಪಿಂಗ್ ಕಳುಹಿಸು.

6. ಒಂದು ಹೆಸರನ್ನು ಕೊಟ್ಟು ಅದರ ಅಂಕೆಯನ್ನು ಹೆಸರುಪಟ್ಟಿಯಲ್ಲಿ ವಿಚಾರಿಸು.

7. ಈ ಉತ್ತರಗಳೆಲ್ಲವನ್ನೂ ಒಂದೇ ಸಾಲಿನಲ್ಲಿ ಪುಸ್ತಕದ ಕೊನೆಗೆ ಸೇರಿಸಿ ಸುಮ್ಮನಾಗು.

ಎರಡನೆಯ ಆಜ್ಞೆಯಲ್ಲಿರುವ ಸಿಗ್ನಲಿನ ಬಲವನ್ನು ಡಿಬಿಎಂ ಎಂಬ ಮಾನದಿಂದ ಅಳೆಯುವರು. ಈ ಅಂಕೆಗಳು ಸೊನ್ನೆಗಿಂತ ಕೆಳಗಿರುವದರಿಂದ ಮೊದಲು ನೋಡುವವರಿಗೆ ವಿಚಿತ್ರವಾಗಿ ತೋರುವವು. ಅಂಕೆಯು ಸೊನ್ನೆಗೆ ಸಮೀಪಿಸಿದಷ್ಟೂ ಬಲವು ಹೆಚ್ಚು. ಹತ್ತು ಅಂಕೆ ಇಳಿದರೆ ಬಲವು ಹತ್ತರಲ್ಲೊಂದು ಪಾಲಾಯಿತೆಂದು ಲೆಕ್ಕ. ಮೈನಸ್ 50ರಿಂದ ಮೈನಸ್ 70ಕ್ಕೆ ಇಳಿದರೆ ನೂರರಲ್ಲೊಂದು ಪಾಲು. ಸಾಧಾರಣವಾಗಿ ಮೈನಸ್ 65ರ ಆಸುಪಾಸಿನ ವರೆಗೆ ಪಾಠದ ಚಿತ್ರಗಳೂ ಧ್ವನಿಯೂ ಚೆನ್ನಾಗಿ ಬರುವವು. ಮೈನಸ್ 80ಕ್ಕೆ ಇಳಿದಲ್ಲಿ ಜಾಲದ ಹೆಸರು ಕಂಡರೂ ಕೆಲಸವು ನಡೆಯುವದು ಕಷ್ಟ. ಮೂರನೆಯ ಆಜ್ಞೆಗೂ ಒಂದು ಗುರುತುಂಟು: ವಿಳಾಸವು 169.254 ಎಂದು ಆರಂಭವಾಗಿದ್ದರೆ ಹಂಚುವವರು ಯಾರೂ ಇಲ್ಲದೆ ಯಂತ್ರವು ತಾನೇ ಒಂದನ್ನು ಇಟ್ಟುಕೊಂಡಿದೆಯೆಂದು ತಿಳಿಯಬೇಕು.

ಈ ಪಟ್ಟಿಯನ್ನು ಬರೆದಿಟ್ಟ ಮಾತ್ರಕ್ಕೆ ಆಗಲಿಲ್ಲ; ಅದನ್ನು ನಿಮಿಷಕ್ಕೊಮ್ಮೆ ಎಬ್ಬಿಸುವವರು ಬೇಕು. ಲಿನಕ್ಸ್ ಕಂಪ್ಯೂಟರುಗಳಲ್ಲಿ ಕ್ರಾನ್ ಎಂಬ ಸೇವಕನು ಈ ಕೆಲಸವನ್ನು ಮಾಡುವನು. ಕಾಲ ಎಂಬರ್ಥವುಳ್ಳ ಗ್ರೀಕ್ ಶಬ್ದದಿಂದ ಆ ಹೆಸರು ಬಂದಿರುವದು. ವಿಂಡೋಸ್ ಕಂಪ್ಯೂಟರುಗಳಲ್ಲಿಯೂ ಇಂಥ ಏರ್ಪಾಡು ಇದ್ದೇ ಇದೆ. ನಿಮಿಷಕ್ಕೊಂದು ಸಾಲಿನಂತೆ ದಿವಸಕ್ಕೆ 1440 ಸಾಲುಗಳಾಗುವವು. ಒಂದು ಸಾಲಿಗೆ 60 ಅಕ್ಷರಗಳೆಂದು ಹಿಡಿದರೆ ದಿವಸಕ್ಕೆ 86,400 ಅಕ್ಷರಗಳು, ತಿಂಗಳಿಗೆ ಸುಮಾರು 26 ಲಕ್ಷ. ಇದು ಕಾಗದದ ಮೇಲಾದರೆ ದೊಡ್ಡ ಗ್ರಂಥವಾದೀತು. ಕಂಪ್ಯೂಟರಿಗೆ ಒಂದೆರಡು ಛಾಯಾಚಿತ್ರಗಳಷ್ಟು ಸ್ಥಳವೂ ಬೇಕಾಗದು. ಇಂಥ ಬರಹಕ್ಕೆ ಇಂಗ್ಲಿಷಿನಲ್ಲಿ ಲಾಗ್ ಎನ್ನುವರು. ಪೂರ್ವದಲ್ಲಿ ಹಡಗಿನವರು ಹಗ್ಗಕ್ಕೆ ಕಟ್ಟಿದ ಮರದ ತುಂಡನ್ನು ನೀರಿಗೆ ಎಸೆದು, ಹಗ್ಗವು ಎಷ್ಟು ಬಿಚ್ಚಿತೆಂಬದರಿಂದ ಹಡಗಿನ ವೇಗವನ್ನು ಕಂಡು ಒಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ಆ ಮರದ ತುಂಡಿನ ಹೆಸರೇ ಪುಸ್ತಕಕ್ಕೂ ಬಂದು ಇಂದು ಕಂಪ್ಯೂಟರಿನ ವರೆಗೆ ಉಳಿದಿರುವದು.

ಮೊದಲನೆಯ ವಾರದಲ್ಲಿ ನಾವು ಮಾಡಿದ ತಪ್ಪನ್ನು ಇಲ್ಲಿ ಮುಚ್ಚಿಡದೆ ಹೇಳಬೇಕು. ಪರೀಕ್ಷೆಗೆಂದು ಗೊತ್ತುಮಾಡಿದ ಹಳೆಯ ಲ್ಯಾಪ್‌ಟಾಪನ್ನು ಯಾರೂ ಮುಟ್ಟದಂತೆ ಆಫೀಸಿನ ಕೋಣೆಯಲ್ಲಿ, ರೌಟರಿನ ಪಕ್ಕದಲ್ಲಿಯೇ ಇಟ್ಟೆವು. ಏಳು ದಿವಸಗಳಾದ ಮೇಲೆ ನೋಡಿದರೆ ಪುಸ್ತಕವೆಲ್ಲಾ ಹಾಜರು, ಹಾಜರು. ಆ ಏಳು ದಿವಸಗಳಲ್ಲಿಯೂ ಬಾಲಿಕೆಯರು ಜಾಲವು ನಿಂತಿತೆಂದು ಹೇಳುತ್ತಲೇ ಇದ್ದರು. ಬರಹವು ಒಂದು ಹೇಳುವದು, ಮಕ್ಕಳು ಇನ್ನೊಂದು ಹೇಳುವರು. ಆದಕಾರಣ ಮಕ್ಕಳು ನಿಜ ಹೇಳುತ್ತಿಲ್ಲವೆಂದು ನಮ್ಮಲ್ಲಿ ಕೆಲವರು ತೀರ್ಮಾನಕ್ಕೆ ಬಂದರು. ಈ ಮಾತನ್ನು ಕಾಗದದ ಮೂಲಕ ಬೆಂಗಳೂರಿಗೆ ತಿಳಿಸಿದಾಗ ಆ ಹಳೆಯ ವಿದ್ಯಾರ್ಥಿನಿಯವರು ಒಂದೇ ಪ್ರಶ್ನೆ ಬರೆದರು: “ಲ್ಯಾಪ್‌ಟಾಪು ಎಲ್ಲಿದೆ?”

ಆಫೀಸಿನಲ್ಲಿ ಒಂದು ರೇಡಿಯೋ ಪೆಟ್ಟಿಗೆ, ಬೋರ್ಡಿಂಗಿನ ಕಟ್ಟಡದಲ್ಲಿ ಇನ್ನೊಂದು. ಎರಡಕ್ಕೂ ಜಾಲದ ಹೆಸರು ಒಂದೇ. ನಾವು ಆಫೀಸಿನ ಪೆಟ್ಟಿಗೆಯ ಹಾಜರಿಯನ್ನು ತೆಗೆದುಕೊಂಡು ಬೋರ್ಡಿಂಗಿನ ಪೆಟ್ಟಿಗೆಯ ಮುಂದೆ ಗುರುತು ಹಾಕಿದ್ದೆವು. ಒಂದನೆಯ ತರಗತಿಯ ಕೋಣೆಯಲ್ಲಿ ಕುಳಿತು ಹತ್ತನೆಯ ತರಗತಿಯ ಹಾಜರಿಯನ್ನು ಬರೆದ ಹಾಗಾಯಿತು. ಆದುದರಿಂದ ಪರೀಕ್ಷಿಸುವ ಯಂತ್ರವು ಜನರು ಕುಳಿತುಕೊಳ್ಳುವ ಸ್ಥಳದಲ್ಲಿಯೇ ಇರಬೇಕು. ತಂತಿಯಿಂದಲ್ಲ, ನಿಸ್ತಂತು ಮಾರ್ಗದಿಂದಲೇ ಸೇರಿರಬೇಕು. ತಂತಿಯಿಂದ ಸೇರಿಸಿದರೆ ಗಾಳಿಯಲ್ಲಿರುವ ಕೊಂಡಿಯನ್ನು ಪರೀಕ್ಷಿಸದೆ ಬಿಟ್ಟಂತಾಗುವದು. ಒಂದೇ ಹೆಸರಿನ ಎರಡು ಪೆಟ್ಟಿಗೆಗಳಿದ್ದಲ್ಲಿ ಒಂದೊಂದು ಪೆಟ್ಟಿಗೆಗೂ ಇರುವ ಸ್ವಂತ ಅಂಕೆಯನ್ನು ಸಹ ಬರೆದುಕೊಳ್ಳುವದು ಒಳ್ಳೇದು.

ಎರಡನೆಯ ವಾರ ಲ್ಯಾಪ್‌ಟಾಪನ್ನು ಓದುವ ಕೋಣೆಯ ಕಪಾಟಿನ ಮೇಲಿಟ್ಟೆವು. ಆ ವಿದ್ಯಾರ್ಥಿನಿಯವರ ಸೂಚನೆಯ ಮೇರೆಗೆ ಸ್ಕ್ರಿಪ್ಟಿಗೆ ಇನ್ನೊಂದು ಆಜ್ಞೆಯನ್ನೂ ಸೇರಿಸಿದೆವು: ಈ ನಿಮಿಷದಲ್ಲಿ ಲ್ಯಾಪ್‌ಟಾಪು ಗೋಡೆಯ ಕರೆಂಟಿನಿಂದ ನಡೆಯುತ್ತಿದೆಯೋ, ತನ್ನ ಬ್ಯಾಟರಿಯಿಂದಲೋ ಎಂಬದನ್ನೂ ಬರೆಯತಕ್ಕದ್ದು. ಇದರ ಪ್ರಯೋಜನವು ಆಗ ನಮಗೆ ಹೊಳೆಯಲಿಲ್ಲ. ಮೂರನೆಯ ಸಾಯಂಕಾಲದ ಬರಹವು ಹೀಗಿತ್ತು.

7 ಗಂಟೆ 12 ನಿಮಿಷ: ಕರೆಂಟು. ಸಂಬಂಧ ಉಂಟು, ಬಲ ಮೈನಸ್ 58. ವಿಳಾಸ ಉಂಟು. ರೌಟರು 4. ಹೊರಗೆ 31. ಹೆಸರುಪಟ್ಟಿ ಸರಿ.

7 ಗಂಟೆ 13 ನಿಮಿಷ: ಬ್ಯಾಟರಿ. ಜಾಲದ ಹೆಸರು ಕೇಳಿಸಲಿಲ್ಲ.

7 ಗಂಟೆ 14 ನಿಮಿಷ: ಕರೆಂಟು. ಜಾಲದ ಹೆಸರು ಕೇಳಿಸಲಿಲ್ಲ.

7 ಗಂಟೆ 15 ನಿಮಿಷ: ಕರೆಂಟು. ಜಾಲದ ಹೆಸರು ಕೇಳಿಸಲಿಲ್ಲ.

7 ಗಂಟೆ 16 ನಿಮಿಷ: ಕರೆಂಟು. ಸಂಬಂಧ ಉಂಟು, ಬಲ ಮೈನಸ್ 57. ವಿಳಾಸ ಉಂಟು. ರೌಟರು 5. ಹೊರಗೆ 30. ಹೆಸರುಪಟ್ಟಿ ಸರಿ.

ಈ ಐದು ಸಾಲುಗಳನ್ನು ವಾಚಕರು ನಿಧಾನವಾಗಿ ಓದಬೇಕೆಂದು ಕೋರುವೆವು. ಬಾಲಿಕೆಯರ ಉಪಯೋಗವು ಮಿತಿಮೀರಿದ್ದರೆ ಜಾಲದ ಹೆಸರು ಕೇಳಿಸದೆ ಹೋಗುವ ಕಾರಣವಿಲ್ಲ. ಭಾರ ಹೆಚ್ಚಾದಾಗ ಹೆಸರು ಇರುವದು, ಬಲವೂ ಇರುವದು, ಆದರೆ ಪಿಂಗ್ ಹೋಗಿಬರುವ ಕಾಲವು 30 ಮಿಲಿಸೆಕೆಂಡಿನಿಂದ ನೂರಾರಕ್ಕೆ ಏರುವದು. ಇಲ್ಲಿಯಾದರೋ ಒಂದು ನಿಮಿಷದ ಹಿಂದೆ ಎಲ್ಲವೂ ಚುರುಕಾಗಿದ್ದು, ಮರುನಿಮಿಷದಲ್ಲಿ ಪೆಟ್ಟಿಗೆಯೇ ಇಲ್ಲವಾಗಿದೆ. ಅದೇ ನಿಮಿಷದಲ್ಲಿ ಲ್ಯಾಪ್‌ಟಾಪು ಬ್ಯಾಟರಿಯನ್ನು ಹಿಡಿದಿದೆ. ಅಂದರೆ ಗೋಡೆಯಲ್ಲಿ ಕರೆಂಟು ಇರಲಿಲ್ಲ.

ಕರೆಂಟು ಹೋದದ್ದು ಯಾರಿಗೂ ತಿಳಿಯಲಿಲ್ಲವೇಕೆ? ಬೋರ್ಡಿಂಗಿನಲ್ಲಿ ಇನ್ವರ್ಟರು ಇರುವದು. ಕರೆಂಟು ಹೋದ ಕ್ಷಣದಲ್ಲಿಯೇ ದೀಪಗಳನ್ನೂ ಫ್ಯಾನುಗಳನ್ನೂ ಅದು ವಹಿಸಿಕೊಳ್ಳುವದರಿಂದ ಓದುತ್ತಿದ್ದವರು ತಲೆಯೆತ್ತುವ ಕಾರಣವೂ ಇರಲಿಲ್ಲ. ಆದರೆ ವೈರಿಂಗ್ ಮಾಡಿದ ಕಾಲದಲ್ಲಿ ಆ ಗೋಡೆಯ ಪ್ಲಗ್ಗನ್ನು ಇನ್ವರ್ಟರಿಗೆ ಸೇರಿಸಿರಲಿಲ್ಲ. ಮುಂದೊಂದು ದಿನ ಅದಕ್ಕೆ ಜಾಲದ ಪೆಟ್ಟಿಗೆಯನ್ನು ಸಿಕ್ಕಿಸುವರೆಂದು ಆಗ ಯಾರು ನೆನಸಿದ್ದರು? ಕರೆಂಟು ಒಂದು ನಿಮಿಷ ಹೋಗಿ ಬಂದರೂ ಪೆಟ್ಟಿಗೆಯು ಮೊದಲಿನಿಂದ ಎಚ್ಚತ್ತು ಕೆಲಸಕ್ಕೆ ತೊಡಗಲು ಮತ್ತೆರಡು ನಿಮಿಷಗಳು ಬೇಕು. ಆಫೀಸಿನ ರೌಟರಿಗೆ ಬೇರೆ ಬ್ಯಾಟರಿ ಇದ್ದುದರಿಂದ ಅಲ್ಲಿ ಈ ತೊಂದರೆಯೇ ತಲೆದೋರಲಿಲ್ಲ. ಆ ಮಳೆಗಾಲದಲ್ಲಿ ಕರೆಂಟು ಹೀಗೆ ಹೋಗಿಬರುತ್ತಿದ್ದದ್ದು ಹೆಚ್ಚಾಗಿ ಸಾಯಂಕಾಲದಲ್ಲಿಯೇ. ಬಾಲಿಕೆಯರು ಓದಲು ಕುಳಿತುಕೊಳ್ಳುವ ವೇಳೆಯೂ ಕರೆಂಟು ತಪ್ಪುವ ವೇಳೆಯೂ ಒಂದೇ ಆದದ್ದರಿಂದ ಒಂದು ಇನ್ನೊಂದರ ಕಾರಣವೆಂದು ನಾವು ಭ್ರಮಿಸಿದ್ದೆವು.

ಎರಡು ವಾರಗಳ ಪುಸ್ತಕವನ್ನು ತಿರುವಿದಾಗ ಸಾಯಂಕಾಲದ ತೊಂದರೆಗಳಲ್ಲಿ ಬಹುಪಾಲು ಇದೇ ಮಾದರಿಯವು. ಕೆಲವು ಸಲ ಬ್ಯಾಟರಿ ಎಂಬ ಗುರುತು ಇಲ್ಲದೆಯೂ ಹೆಸರು ಮಾಯವಾಗಿತ್ತು. ನಿಮಿಷಕ್ಕೊಮ್ಮೆ ಮಾತ್ರ ಹಾಜರಿ ಕರೆಯುವದರಿಂದ ನಡುವೆ ಕೆಲವೇ ಸೆಕೆಂಡು ಹೋಗಿಬಂದ ಕರೆಂಟು ಬರಹಕ್ಕೆ ಸಿಕ್ಕದೆ ಹೋಗಿರಬಹುದು. ಒಂದು ಸಾಯಂಕಾಲ ಮಾತ್ರ ಹೆಸರೂ ಬಲವೂ ರೌಟರೂ ಸರಿಯಾಗಿದ್ದು ಹೊರಗಿನ ವಿಳಾಸದಿಂದ ಉತ್ತರ ಬಂದಿರಲಿಲ್ಲ. ಅದು ಕಂಪನಿಯ ತಂತಿಯ ದೋಷ. ವೇಳೆಯನ್ನು ಕಾಣಿಸಿ ಬರೆದು ಕಳುಹಿಸಿದ ಆ ದೂರಿನ ಮೇಲೆ ವಾದವೇ ನಡೆಯಲಿಲ್ಲ. ಇನ್ನೊಂದು ಶನಿವಾರ ಸಾಯಂಕಾಲ ಹೊರಗಿನ ಉತ್ತರಕ್ಕೆ 30ರ ಬದಲಾಗಿ 600 ಮಿಲಿಸೆಕೆಂಡಿಗೂ ಮಿಕ್ಕಿದ ಕಾಲವು ಹಿಡಿದಿತ್ತು. ಇದು ನಿಜವಾಗಿಯೂ ಭಾರದ ಗುರುತು. ವಿಚಾರಿಸಲಾಗಿ, ಆ ಸಾಯಂಕಾಲ ದೊಡ್ಡ ಕಡತಗಳನ್ನು ಇಳಿಸಿಕೊಳ್ಳುತ್ತಿದ್ದದ್ದು ಬಾಲಿಕೆಯರಲ್ಲ, ನಮ್ಮಲ್ಲಿಯೇ ಒಬ್ಬರ ಕಂಪ್ಯೂಟರು ಎಂದು ತಿಳಿದುಬಂತು.

ಎಲೆಕ್ಟ್ರಿಷಿಯನರು ಬಂದು ಆ ಪ್ಲಗ್ಗನ್ನು ಇನ್ವರ್ಟರಿಗೆ ಸೇರಿಸಲು ಒಂದು ಗಂಟೆಯೂ ಹಿಡಿಯಲಿಲ್ಲ. ಅದರ ಮರುದಿನ ನಾವು ಓದುವ ಕೋಣೆಗೆ ಹೋಗಿ, ತಪ್ಪು ನಿಮ್ಮದಾಗಿರಲಿಲ್ಲ, ವಿಚಾರಿಸದೆ ಶಿಕ್ಷೆ ಕೊಟ್ಟದ್ದು ನಮ್ಮ ತಪ್ಪು ಎಂದು ಬಾಲಿಕೆಯರಿಗೆ ಹೇಳಿ, ಒಂದು ಗಂಟೆಯನ್ನು ತಿರುಗಿ ಎರಡು ಗಂಟೆಯಾಗಿ ಮಾಡಿದೆವು. ಪ್ರಶ್ನೆ ಕೇಳಿದ್ದ ಹಿರಿಯ ಬಾಲಿಕೆಗೆ ಆ ಐದು ಸಾಲುಗಳನ್ನು ತೋರಿಸಿದಾಗ ಅವಳು ಅವನ್ನು ಎರಡು ಸಲ ಓದಿ, “ಇದನ್ನು ಬರೆಯುವದನ್ನು ನಮಗೂ ಕಲಿಸುವಿರಾ?” ಎಂದು ಕೇಳಿದಳು. ಈಗ ತಿಂಗಳಿಗೊಮ್ಮೆ ಪುಸ್ತಕವನ್ನು ಓದಿ ಲೆಕ್ಕ ಮಾಡುವವರು ಬಾಲಿಕೆಯರೇ.

ಲೆಕ್ಕ ಮಾಡುವಲ್ಲಿಯೂ ಒಂದು ಮೋಸಹೋಗುವ ಸ್ಥಳವಿರುವದು. ದಿವಸಕ್ಕೆ 6 ನಿಮಿಷ ಜಾಲವಿಲ್ಲದಿದ್ದರೆ 1440 ನಿಮಿಷಗಳ ಲೆಕ್ಕದಲ್ಲಿ ನೂರಕ್ಕೆ 99.58ರಷ್ಟು ಹಾಜರಿಯಾಯಿತು, ಕೇಳಲು ಬಹಳ ಚೆನ್ನಾಗಿರುವದು. ಆದರೆ ಆ 6 ನಿಮಿಷಗಳೂ ಓದುವ 120 ನಿಮಿಷಗಳೊಳಗೆ ಬಿದ್ದರೆ ಬಾಲಿಕೆಯರ ಪಾಲಿಗೆ ಹಾಜರಿಯು ನೂರಕ್ಕೆ 95 ಮಾತ್ರ. ನೂರಕ್ಕೆ 99 ಎಂದು ಯಾರಾದರೂ ಭರವಸೆ ಕೊಟ್ಟರೆ ತಿಂಗಳಿಗೆ 7 ಗಂಟೆ 12 ನಿಮಿಷ ಗೈರುಹಾಜರಿಗೆ ಅಪ್ಪಣೆ ಕೊಟ್ಟಂತೆಯೇ. ಆದಕಾರಣ ದಿವಸದ ಒಟ್ಟು ಲೆಕ್ಕದೊಂದಿಗೆ ಉಪಯೋಗಿಸುವ ವೇಳೆಯ ಲೆಕ್ಕವನ್ನೂ ಬೇರೆಯಾಗಿ ಮಾಡಬೇಕು.

ಇಂಥ ಸ್ಕ್ರಿಪ್ಟನ್ನು ತಾವೂ ಬರೆಯಬೇಕೆಂದಿರುವವರಿಗೆ ಕೆಲವು ಸೂಚನೆಗಳು. ಒಂದು ಪಿಂಗ್‌ಗೆ ಉತ್ತರ ಬಾರದ ಮಾತ್ರಕ್ಕೆ ಜಾಲವು ನಿಂತಿತೆನ್ನಬಾರದು; ಗಾಳಿಯ ಮಾರ್ಗದಲ್ಲಿ ಒಂದೊಂದು ಪೊಟ್ಟಣವು ಕಳೆದುಹೋಗುವದು ಸಹಜ. ಮೂರೂ ಬಾರದಿದ್ದರೆ ಗೈರುಹಾಜರು ಎಂದು ಬರೆಯಬೇಕು. ಕಾಯುವ ಕಾಲಕ್ಕೆ ಮಿತಿಯಿಡದಿದ್ದರೆ ಮೊದಲನೆಯ ಪರೀಕ್ಷೆಯು ಮುಗಿಯುವದರೊಳಗೆ ಎರಡನೆಯದು ಆರಂಭವಾಗಿ ಒಂದರ ಮೇಲೊಂದು ಬೀಳುವವು. ಜಾಲವು ನಿಂತ ಸಮಾಚಾರವನ್ನು ಅದೇ ಜಾಲದ ಮೂಲಕ ಕಳುಹಿಸುವ ಏರ್ಪಾಡು ಮಾಡಿಕೊಂಡು, ಅದು ಬಾರದಿದ್ದರೆ ಎಲ್ಲವೂ ಸರಿಯಾಗಿದೆಯೆಂದು ತಿಳಿಯುವವರೂ ಉಂಟು. ಮೊದಲು ಯಂತ್ರದಲ್ಲಿಯೇ ಬರೆದಿಟ್ಟು ಜಾಲವು ಬಂದ ಮೇಲೆ ಕಳುಹಿಸುವದು ಯುಕ್ತ. ಗಡಿಯಾರದ ವಿಷಯದಲ್ಲಿಯೂ ಜಾಗ್ರತೆ ಬೇಕು. ಕೆಲವು ಚಿಕ್ಕ ಕಂಪ್ಯೂಟರುಗಳಲ್ಲಿ ಗಡಿಯಾರಕ್ಕೆ ಸ್ವಂತ ಬ್ಯಾಟರಿ ಇರುವದಿಲ್ಲ. ಕರೆಂಟು ಹೋಗಿಬಂದ ಮೇಲೆ ಜಾಲದಿಂದ ವೇಳೆಯನ್ನು ಕೇಳಿಕೊಳ್ಳುವ ತನಕ ಅವು ತಪ್ಪು ವೇಳೆಯನ್ನೇ ಬರೆಯುವವು. ನಮ್ಮ ಕೆಲಸಕ್ಕೆ ಹಳೆಯ ಲ್ಯಾಪ್‌ಟಾಪು ಯೋಗ್ಯವಾದದ್ದು ಅದರ ಬ್ಯಾಟರಿಯಿಂದಲೇ. ಕಡೆಗೆ, ಬರಹದಲ್ಲಿ ಸಾಲುಗಳೇ ಇಲ್ಲದ ಎಡೆಯನ್ನೂ ಓದಬೇಕು. ಆಗ ಹಾಜರಿ ಕರೆಯುವವರೇ ಗೈರುಹಾಜರಾಗಿದ್ದರೆಂದು ಅರ್ಥ.

ತಾಯಿತಂದೆಗಳಿಗೆ ವಿಶೇಷವಾಗಿ ಒಂದು ಮಾತು. ನಮ್ಮ ಪುಸ್ತಕದಲ್ಲಿ ಜಾಲದ ಹಾಜರಿ ಇರುವದೇ ಹೊರತು ಯಾವ ಬಾಲಿಕೆಯು ಯಾವ ಪುಟವನ್ನು ನೋಡಿದಳೆಂಬದು ಇಲ್ಲ. ಇವೆರಡೂ ಬೇರೆ ಬೇರೆ ಕೆಲಸಗಳು. ಜಾಲವನ್ನು ಪರೀಕ್ಷಿಸುವ ನೆವದಿಂದ ಮಕ್ಕಳನ್ನು ಗುಟ್ಟಾಗಿ ಪರೀಕ್ಷಿಸಿದರೆ ಯಂತ್ರದ ದೋಷವು ಗೊತ್ತಾಗುವ ಬದಲು ಮಕ್ಕಳ ವಿಶ್ವಾಸವೇ ಹೋದೀತು. ಮಕ್ಕಳ ನಡತೆಯ ವಿಷಯದಲ್ಲಿ ವಿಚಾರಿಸಬೇಕಾದದ್ದನ್ನು ಅವರನ್ನೇ ಎದುರಿಗೆ ಕೂರಿಸಿಕೊಂಡು ವಿಚಾರಿಸುವದು ಮೇಲು.

ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಮನೆಯೊಡತಿಯರಾಗಿಯೂ, ಆಸ್ಪತ್ರೆ, ಬ್ಯಾಂಕು, ಶಾಲೆಗಳಲ್ಲಿ ಅಧಿಕಾರಿಣಿಯರಾಗಿಯೂ ಇದ್ದೀರಿ. ಮನೆಯಲ್ಲಾಗಲಿ ಕೆಲಸದ ಸ್ಥಳದಲ್ಲಾಗಲಿ ಜಾಲವು ನಿಂತಾಗ, ಸ್ಕ್ರಿಪ್ಟು ಬರೆಯಲು ಬಾರದಿದ್ದರೂ ಚಿಂತೆಯಿಲ್ಲ. ಒಂದು ನೋಟುಪುಸ್ತಕದಲ್ಲಿ ವೇಳೆಯನ್ನೂ, ಜಾಲದ ಹೆಸರು ಕಾಣುತ್ತಿತ್ತೋ ಇಲ್ಲವೋ ಎಂಬದನ್ನೂ, ಆ ಹೊತ್ತಿನಲ್ಲಿ ಕರೆಂಟು ಇತ್ತೋ ಎಂಬದನ್ನೂ ಒಂದು ವಾರ ಬರೆದು ನೋಡಿರಿ. ಅಷ್ಟರಿಂದಲೇ ಅರ್ಧ ವಿಷಯವು ತಿಳಿದೀತು. ನಿಮ್ಮ ಮನೆಯ ಮಗಳು ಸ್ಕ್ರಿಪ್ಟನ್ನು ಬರೆಯಬಲ್ಲವಳಾದರೆ ಆ ಕೆಲಸವನ್ನು ಅವಳಿಗೆ ಒಪ್ಪಿಸಿ, ಅವಳು ಬರೆದದ್ದನ್ನು ಕೂಡಿ ಓದಿರಿ. ನಮ್ಮ ಬೋರ್ಡಿಂಗಿನ ಲ್ಯಾಪ್‌ಟಾಪು ಈಗಲೂ ಕಪಾಟಿನ ಮೇಲೆ ಕುಳಿತು ನಿಮಿಷಕ್ಕೊಂದು ಸಾಲು ಬರೆಯುತ್ತಲೇ ಇದೆ. ಶಾಲೆಗೆ ಬಂದಾಗ ಓದುವ ಕೋಣೆಯ ಬಾಲಿಕೆಯರನ್ನು ಕೇಳಿದರೆ ಅವರು ಸಂತೋಷದಿಂದ ತೋರಿಸುವರು.